ನನ್ನ ಪಾದಗಳು ಪರೀಕ್ಷೆಗೆ ಕುಳಿತದ್ದು

ನನ್ನ ಪಾದಗಳ ಬಗ್ಗೆ ನನಗೆ ಯಾವತ್ತೂ ಸಂಶಯ ಇರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ನಿಂತುಕೊಂಡೇ ವಿಜ್ಞಾನ ಪಾಠ ಮಾಡಿದ ಪಾದಗಳವು. ನಿವೃತ್ತಿಯಾದ ಮೇಲೆ ಸ್ವಲ್ಪ ಜೋಮು ಹಿಡಿದಂತಿದ್ದದ್ದು ನಿಜ. ಹತ್ತಿಯ ಮೇಲೆ ನಡೆದಂತೆ ಅನಿಸುತ್ತಿತ್ತು. ಜಯನಗರದ ಫುಟ್‌ಪಾತಿನಲ್ಲಿ ಹತ್ತಿಯ ಮೇಲೆ ನಡೆದ ಸುಖ ಸಿಕ್ಕರೆ ಯಾರು ಬೇಡ ಎನ್ನುತ್ತಾರೆ! ಇದಕ್ಕೂ ನನ್ನ ಹಳೆಯ ಸಕ್ಕರೆ ಕಾಯಿಲೆಗೂ ನಂಟು ಕಲ್ಪಿಸುತ್ತಿದ್ದವಳು ಹೆಂಡತಿ ವಿಮಲಾ ಒಬ್ಬಳೇ.

ಹೀಗಿರುವಾಗ ಸಾರಕ್ಕಿಯಲ್ಲಿ ನನ್ನ ಸ್ಕೂಟರ್ ಎಳನೀರಿನ ರಾಶಿಗೆ ನುಗ್ಗಿತು. ನಾನು ಬ್ರೇಕ್ ಒತ್ತಿದ್ದೆ. ಅಂದರೆ, ಒತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಬಲಗಾಲು ಬ್ರೇಕಿನ ಪಕ್ಕದ ಖಾಲಿ ಜಾಗವನ್ನು ಬಹಳ ಪ್ರಾಮಾಣಿಕವಾಗಿ ಒತ್ತುತ್ತಿತ್ತು! ಹಿಂದಿನ ಸೀಟಿನಲ್ಲಿದ್ದ ವಿಮಲಾ ಕಣ್ಣು ಬಿಟ್ಟಾಗ ಎಳನೀರುಗಳ ಮೇಲೆ ಕುಳಿತಿದ್ದಳು.

"ಎಳ್ನೀರು ಬೇಕಿದ್ರೆ ಕೇಳಿದ್ರೆ ಆಗ್ತಿತ್ತಲ್ಲ ಸಾರ್, ನಾನೇ ಕೆತ್ಕೊಡ್ತಿದ್ದೆ" ಎಂದ ವ್ಯಾಪಾರಿ.

ಮನೆಗೆ ಬಂದವಳೇ ವಿಮಲಾ ತೀರ್ಪು ಕೊಟ್ಟಳು. "ನಿಮ್ಮ ಕಾಲು ಸರಿಯಾಗಿದೆ ಅಂತ ಡಾಕ್ಟ್ರು ಹೇಳೋವರ್ಗೂ ಸ್ಕೂಟರ್ ಮುಟ್ಟೋ ಹಾಗಿಲ್ಲ ಕಣ್ರೀ."

ಬೆಳಿಗ್ಗೆ ಸ್ಕೂಟರಿನಲ್ಲಿ ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುವುದು ನಿವೃತ್ತಿಯ ನಂತರ ನನಗೆ ಉಳಿದಿದ್ದ ಏಕೈಕ ಹುದ್ದೆ. ಅದೂ ಹೋದರೆ ನಾನು ಟಿವಿ ರಿಮೋಟಿನ ಪಕ್ಕದಲ್ಲಿ ಕೂರುವ ಇನ್ನೊಂದು ವಸ್ತು, ಅಷ್ಟೇ. ಹಾಗಾಗಲು ಬಿಡಬಾರದೆಂದು ಪಣ ತೊಟ್ಟೆ. ಪರೀಕ್ಷೆ ತಾನೇ? ಪಾಸಾದರಾಯಿತು!

ಪಕ್ಕದ ಮನೆಯ ರಾಯರು ಈ ಪರೀಕ್ಷೆ ಮುಗಿಸಿ ಬಂದವರು. ಪ್ರಶ್ನೆಪತ್ರಿಕೆ ಅವರಿಂದಲೇ ಬಯಲಾಯಿತು. "ಕಣ್ಣು ಮುಚ್ಚಿಸ್ತಾರೆ. ನೈಲಾನ್ ದಾರದಲ್ಲಿ ಪಾದಾನ ಮುಟ್ತಾರೆ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ಬೇಕು, ಅಷ್ಟೇ ಸಾರ್." ಎಷ್ಟು ಹೊತ್ತಿಗೊಮ್ಮೆ ಮುಟ್ಟುತ್ತಾರೆ ಎಂದು ಕೇಳಿದೆ. ನಾಲ್ಕೈದು ಸೆಕೆಂಡಿಗೊಮ್ಮೆ ಇರಬಹುದು ಎಂದರು. ನನಗೆ ಅಷ್ಟು ಸಾಕಾಗಿತ್ತು. ಗೋಡೆ ಗಡಿಯಾರ ನೋಡಿಕೊಂಡು ಎರಡು ದಿನ ಹೂಂಗುಟ್ಟುವುದನ್ನು ಅಭ್ಯಾಸ ಮಾಡಿದೆ. ಸೇವೆಯುದ್ದಕ್ಕೂ ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ಶೂ ಬಿಚ್ಚಿಸಿ ಚೀಟಿ ಹಿಡಿದವನಿಗೆ ಇದು ಕಾಪಿ ಎನಿಸಲಿಲ್ಲ. ಲೆಕ್ಕಾಚಾರ ಎನಿಸಿತು.

ಕ್ಲಿನಿಕ್ಕಿಗೆ ಹೊರಡುವ ದಿನ ನೋಡಿದರೆ ಶೂ ಸ್ಟ್ಯಾಂಡಿನ ಮೇಲಿನ ಮೊಳೆಯಲ್ಲಿ ಸ್ಕೂಟರಿನ ಕೀ ಇಲ್ಲ!

"ಬಚ್ಚಿಟ್ಟಿದೀಯ ತಾನೇ?" ಎಂದು ವಿಮಲಾಳನ್ನು ಕೇಳಿದೆ.

"ನಿಮ್ಮ ಕೀ ಕಟ್ಕೊಂಡು ನಾನೇನ್ ಮಾಡ್ಲಿ? ನಾನ್ ಮುಟ್ಟಿಲ್ಲ."

ಅಕ್ಕಿ ಡಬ್ಬಿ ಸಮೇತ ಮನೆಯೆಲ್ಲ ಜಾಲಾಡಿದೆ. ಸಿಗಲಿಲ್ಲ. ಸಿಟ್ಟಿನಲ್ಲಿ ದಿನದ ಚಪ್ಪಲಿ ಬಿಟ್ಟು, ಪರೀಕ್ಷೆಯ ಗೌರವಕ್ಕೆಂದು ಮದುವೆ ಮನೆಗಳಿಗೆ ಹಾಕುವ ಶೂ ಏರಿಸಿದೆ. ವಿಮಲಾ ಆಟೊ ಕರೆದಳು. ನಾನು ಹತ್ತಲಿಲ್ಲ. ಒಂಬತ್ತನೇ ಬ್ಲಾಕಿನಿಂದ ನಾಲ್ಕನೇ ಬ್ಲಾಕಿನವರೆಗೆ ನಡೆದೇ ತೋರಿಸಿದೆ. ದಾರಿಯುದ್ದಕ್ಕೂ ಕೀ ಬಚ್ಚಿಟ್ಟವರ ಬಗ್ಗೆ ಮಾತನಾಡಿದೆ. ಅವಳು ಆಟೊ ಕಳಿಸಿ ನನ್ನ ಪಕ್ಕದಲ್ಲೇ ಹೆಜ್ಜೆ ಹಾಕಿದಳು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಶೂ, ಕಾಲುಚೀಲ ಕಳಚಿ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದೆ. ಟಿಂಗ್ ಎಂದು ಪರಿಚಿತ ನಾದ ಕೇಳಿಸಿತು. ನಮ್ಮ ಸ್ಕೂಲ್ ಲ್ಯಾಬಿನ ಶ್ರುತಿಕವೆ, ಅದೇ ಟ್ಯೂನಿಂಗ್ ಫೋರ್ಕ್!

"ಕೇಳಿಸ್ತಾ ಇದೆ!" ಎಂದು ಕೂಗಿದೆ.

"ಕಿವೀಲಲ್ಲ ಸಾರ್. ಕಾಲಿನ ಹೆಬ್ಬೆರಳಲ್ಲಿ ನಡುಕ ಗೊತ್ತಾಗ್ತಿದ್ಯಾ ಹೇಳಿ."

ಹೆಬ್ಬೆರಳಲ್ಲಿ ಏನೂ ಇರಲಿಲ್ಲ. ಮುಂದಿನ ಪ್ರಶ್ನೆಯಲ್ಲಿ ಅಂಕ ಸರಿದೂಗಿಸಿದರಾಯಿತು ಎಂದುಕೊಂಡೆ. ದಾರದ ಪರೀಕ್ಷೆ ಅಂದರು. ಮನಸ್ಸಿನಲ್ಲಿ ನಾಲ್ಕು ಎಣಿಸಿದೆ. "ಹೂಂ." ಮತ್ತೆ ನಾಲ್ಕು. "ಹೂಂ." ಐದನೇ ಹೂಂ ಹೊತ್ತಿಗೆ ದನಿಯಲ್ಲಿ ಆತ್ಮವಿಶ್ವಾಸ ತುಳುಕುತ್ತಿತ್ತು.

"ಸಾರ್," ಎಂದರು ಡಾಕ್ಟರ್, "ನಾನಿನ್ನೂ ದಾರ ಹುಡುಕ್ತಾ ಇದೀನಿ."

ವಿಮಲಾ ಸೆರಗು ಬಾಯಿಗೆ ಒತ್ತಿಕೊಂಡ ಸದ್ದು ಕೇಳಿಸಿತು. ಆದರೂ ನಾನು ಸೋಲೊಪ್ಪುವವನೇ? ಎದ್ದು ಕುಳಿತೆ. "ಅಭ್ಯಾಸ ಬಲ ಮೇಡಂ. ನನ್ನ ಪಾದಕ್ಕೆ ಇರುವೆ ಹತ್ತಿದ್ರೂ ಗೊತ್ತಾಗುತ್ತೆ!"

ಅವರು ಕಾಲಿನ ಹತ್ತಿರ ಬಗ್ಗಿದರು. ನನ್ನ ಬಲ ಅಂಗಾಲನ್ನೇ ನೋಡುತ್ತಿದ್ದರು. "ಸಾರ್, ನಿಮ್ಮ ಶೂ ಒಳಗೆ ಏನಿತ್ತು?"

"ಕಾಲು! ಇನ್ನೇನಿರುತ್ತೆ?"

ಅವರು ಬಲಗಾಲಿನ ಶೂ ಎತ್ತಿ ಬೋರಲು ಹಾಕಿ ಕೊಡವಿದರು. ಠಣ್ ಎಂದು ನೆಲಕ್ಕೆ ಬಿತ್ತು, ಸ್ಕೂಟರಿನ ಕೀ!

ಯಾವತ್ತೋ ಮೊಳೆಯಿಂದ ಜಾರಿ ಶೂ ಒಳಗೆ ಸೇರಿತ್ತು. ಅದನ್ನು ಮೆಟ್ಟಿಕೊಂಡೇ, ಅದನ್ನು ಬಚ್ಚಿಟ್ಟವಳನ್ನು ಬೈಯುತ್ತಾ, ಐದು ಬ್ಲಾಕು ನಡೆದಿದ್ದೆ. ವಿಮಲಾ ಪರ್ಸಿನಿಂದ ಪುಟ್ಟ ಕನ್ನಡಿ ತೆಗೆದು ಅದರಲ್ಲಿ ಅಂಗಾಲು ತೋರಿಸಿದಳು. ಕೀಯ ಹಲ್ಲುಗಳ ಸಮೇತ ಕೆಂಪಗೆ ಅಚ್ಚು ಬಿದ್ದಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಭಯವಾಯಿತು.

"ಚರ್ಮ ಒಡೆದಿಲ್ಲ, ನಿಮ್ಮ ಪುಣ್ಯ" ಎಂದರು ಡಾಕ್ಟರ್. "ಸಕ್ಕರೆ ಜಾಸ್ತಿಯಾಗಿ ಕಾಲಿನ ನರಗಳಿಗೆ ಪೆಟ್ಟಾಗಿದೆ. ಹೋದ ಸ್ಪರ್ಶ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಸಕ್ಕರೆ ಹಿಡಿತದಲ್ಲಿಟ್ರೆ ಇನ್ನೂ ಹೆಚ್ಚಾಗದ ಹಾಗೆ ನೋಡ್ಕೋಬಹುದು. ಬರಿಗಾಲಲ್ಲಿ ಓಡಾಡ್ಬೇಡಿ. ದಿನಾ ಅಂಗಾಲು ನೋಡ್ಕೊಳ್ಳಿ. ಶೂ ಕೊಡವಿ ಹಾಕ್ಕೊಳ್ಳಿ. ಮತ್ತೆ, ಸದ್ಯಕ್ಕೆ ಸ್ಕೂಟರ್ ಬೇಡ."

ಕೀ ವಿಮಲಾಳ ಪರ್ಸಿಗೆ ಹೋಯಿತು. ಈ ಸಲ ಅವಳು ನಿಜವಾಗಿಯೂ ಬಚ್ಚಿಟ್ಟಳು.

ಹಟ ಮಾತ್ರ ಬಿಟ್ಟಿಲ್ಲ, ಅದರ ವಿಷಯ ಬದಲಾಗಿದೆ. ಈಗ ಅನ್ನ ಕಮ್ಮಿ, ಮಾತ್ರೆ ಸರಿಯಾದ ಹೊತ್ತಿಗೆ. ಸೊಪ್ಪು ತರಲು ಇಬ್ಬರೂ ಬಸ್ಸಿನಲ್ಲಿ ಹೋಗುತ್ತೇವೆ. ಸಂಜೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂರುತ್ತೇನೆ. ವಿಮಲಾ ಕನ್ನಡಕ ಹಾಕಿ, ಮೊಬೈಲಿನ ಟಾರ್ಚ್ ಹಿಡಿದು, ಬೆರಳ ಸಂದುಗಳನ್ನೂ ಬಿಡದೆ ತಪಾಸಣೆ ಮಾಡುತ್ತಾಳೆ. ಹೊರಡುವ ಮುಂಚೆ ನನ್ನ ಶೂ ಬೋರಲು ಹಾಕಿ ಕುಟ್ಟುತ್ತಾಳೆ.

ಆಗೆಲ್ಲ ನನಗೆ ನಾನು ಹಿಡಿದ ಹುಡುಗರು ನೆನಪಾಗುತ್ತಾರೆ. ಶೂನಲ್ಲಿ ಚೀಟಿ ಇಟ್ಟವರಿಗೆ "ತಲೇಲಿ ಏನೂ ಇಲ್ವೇನೋ?" ಎಂದು ಎಷ್ಟು ಬೈದಿದ್ದೇನೋ. ಈಗ ಒಪ್ಪಿಕೊಳ್ಳುತ್ತೇನೆ. ಅವರಲ್ಲಿ ಪ್ರತಿಯೊಬ್ಬನಿಗೂ ತನ್ನ ಶೂನಲ್ಲಿ ಏನಿದೆ ಎಂದು ಗೊತ್ತಿತ್ತು!