ಧೂಳಿನ ಡಾಕ್ಟರಮ್ಮ

ನಮ್ಮ ಕಾಕಾನ ಮಗಳಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಧೂಳೆದ್ದರೆ ಮಸ್ಕಿಯಲ್ಲಿ ಗಂಡಸರು ಟವೆಲ್ಲನ್ನು ಮೂಗಿಗೆ ಒತ್ತಿಕೊಳ್ಳುತ್ತಾರೆ, ಹೆಂಗಸರು ಸೆರಗು ಎಳೆದುಕೊಳ್ಳುತ್ತಾರೆ, ಎಮ್ಮೆ ಕೂಡ ಮುಖ ತಿರುಗಿಸುತ್ತದೆ. ಇವಳೊಬ್ಬಳು ಮಾತ್ರ ಕನ್ನಡಕ ಒರೆಸಿಕೊಂಡು ಹತ್ತಿರ ಹೋಗುತ್ತಾಳೆ! ಧೂಳಿನ ಮೇಲೇ ಓದಿ ಡಾಕ್ಟರೇಟ್ ತೆಗೆದುಕೊಂಡಿದ್ದಾಳೆ. ಹೋಗಲಿ, ನಮ್ಮೂರಿನ ಧೂಳಿನ ಮೇಲಾದರೂ ಓದಿದಳೇ? ಅದು ಪುಕ್ಕಟೆ ಸಿಗುತ್ತಿತ್ತು, ಅದಕ್ಕೇ ಬೇಡವಾಯಿತೇನೋ. ಇವಳದು ಎಲ್ಲೋ ಇರುವ ನಕ್ಷತ್ರಗಳ ಸುತ್ತ ತಿರುಗುವ ಧೂಳು.

ನಮ್ಮ ಮನೆತನದ ಮೊದಲ ಪದವೀಧರ ನಾನು. ಇದನ್ನೂ ಹೇಳಿಬಿಡುತ್ತೇನೆ, ನೀವು ಕೇಳದಿದ್ದರೂ ಹೇಳುತ್ತೇನೆ. ಹಾಸ್ಟೆಲಿನ ಹುಳ ಬಿದ್ದ ಅನ್ನವನ್ನು ಹುಳ ತೆಗೆದು ಉಂಡವನು, ಕೊಳ್ಳಲಾಗದ ಪುಸ್ತಕಗಳನ್ನು ಗೆಳೆಯರಿಂದ ಬೇಡಿ ತಂದು ಕೈಯಲ್ಲಿ ಬರೆದುಕೊಂಡವನು. ಈಗ ಲಿಂಗಸುಗೂರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನನ್ನ ಬಿ.ಎಸ್‌ಸಿ. ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಮಸ್ಕಿಯ ಮನೆಯಲ್ಲಿ ಬುದ್ಧನ ಫೋಟೊದ ಕೆಳಗೆ ತೂಗುಹಾಕಿದ್ದೆ. ಇವಳು ಅದನ್ನೇ ನೋಡುತ್ತ ಬೆಳೆದಳು. ಪ್ರಮಾಣಪತ್ರವನ್ನಲ್ಲ, ಗಾಜಿನ ಮೇಲಿನ ಧೂಳನ್ನು ನೋಡುತ್ತಿದ್ದಳೆಂದು ಈಗ ಅನಿಸುತ್ತದೆ.

ಧೂಳೆಂದರೆ ಏನೆಂದು ನಿಜವಾಗಿ ಗೊತ್ತಿದ್ದದ್ದು ಇವಳ ಅಪ್ಪನಿಗೆ, ಅಂದರೆ ನಮ್ಮ ಕಾಕಾನಿಗೆ. ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಹಮಾಲಿ. ಬೆಳಿಗ್ಗೆ ಮಸ್ಕಿಯಿಂದ ಕಪ್ಪಗೆ ಹೋದವನು ಸಂಜೆ ಬೆಳ್ಳಗಾಗಿ ಬರುತ್ತಿದ್ದ. ತಲೆ, ಮೀಸೆ, ಕಣ್ಣಿನ ರೆಪ್ಪೆ, ಎಲ್ಲದರ ಮೇಲೂ ಹೊಟ್ಟಿನ ಹುಡಿ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಬರುತ್ತಿದ್ದರು. ಧೂಳಿಗೆ ಹೆದರಿಯೋ, ಅವನು ಯಾವ ಕೇರಿಯವನೆಂಬುದು ಗೊತ್ತಿದ್ದೋ, ನಾನು ಕೇಳಲು ಹೋಗಲಿಲ್ಲ. ಕೇಳಿದರೆ ಧೂಳು ಎನ್ನುತ್ತಿದ್ದರು.

ಕಾಕಾನಿಗೆ ಇದ್ದದ್ದು ಒಂದೇ ಕೊರಗು. ಮಗಳು ಏನು ಕೆಲಸ ಮಾಡುತ್ತಾಳೆಂದು ಬಸ್‌ಸ್ಟ್ಯಾಂಡ್ ಪಕ್ಕದ ಚಹಾದ ಹೋಟೆಲಿನಲ್ಲಿ ಹೇಳಲು ಬರುತ್ತಿರಲಿಲ್ಲ. ಅವಳು ರಜೆಗೆ ಬಂದಾಗಲೆಲ್ಲ ಎದುರಿಗೆ ಕೂರಿಸಿಕೊಳ್ಳುತ್ತಿದ್ದ.

“ಯವ್ವಾ, ಅವನ ಮಗ ಪೊಲೀಸ ಅದಾನ, ಇವನ ಮಗಳು ನರ್ಸ್ ಅದಾಳ. ನನ್ನ ಮಗಳು ಏನಂತ ಹೇಳ್ಲಿ? ಒಂದೇ ಮಾತಿನ್ಯಾಗ ಹೇಳಿಕೊಡು. ಚಾ ಆರೋದ್ರಾಗ ಮುಗೀಬೇಕು.”

“ಸಸಾರ ಐತೆಪ್ಪಾ. ನಮ್ಮ ಸೂರ್ಯ ಇದ್ದಂಗ ಬ್ಯಾರೆ ಸೂರ್ಯ ಅದಾವ. ಅವುಗಳ ಸುತ್ತ ಗ್ರಹ ಅದಾವ. ಆ ಗ್ರಹಕ್ಕಿಂತ ಮೊದಲು ಧೂಳಿನ ತಾಟು ಇರತೈತಿ. ಕೆಲವು ಗ್ರಹದ ಸುತ್ತ ಮತ್ತ ಕೈಬಳಿ ಹಂಗ ಬಳಿ ಇರತಾವ. ಆ ಬಳಿಯೊಳಗ...”

“ಚಾ ಆರಿತು ಬಿಡಬೇ,” ಎಂದು ಕಾಕಾ ಎದ್ದುಬಿಡುತ್ತಿದ್ದ. ಎದ್ದವನು ಕೆಮ್ಮುತ್ತ ಹೋಗುತ್ತಿದ್ದ.

ಕೊನೆಗೆ ತಾನೇ ಒಂದು ಮಾತು ಕಟ್ಟಿಕೊಂಡ: ‘ಧೂಳಿನ ಡಾಕ್ಟರ್ ಅದಾಳ.’ ತಪ್ಪೇನೂ ಅಲ್ಲವಲ್ಲ! ಮರುದಿನವೇ ಓಣಿಯ ಒಬ್ಬ ಮನುಷ್ಯ ಕೆಮ್ಮುತ್ತ ಬಂದು ಕಟ್ಟೆಯ ಮೇಲೆ ಕುಳಿತ. “ಯಕ್ಕಾ, ಧೂಳು ಕುಡಿದು ಕುಡಿದು ಹಿಂಗಾಗೈತಿ ನೋಡ್ರಿ.” ಇವಳ ಕಣ್ಣುಗಳು ಅರಳಿದವು. “ಹೌದಾ? ಯಾವ ಧೂಳು? ಕಣ ಸಣ್ಣವೋ ದೊಡ್ಡವೋ? ಒಂದಕ್ಕೊಂದು ಅಂಟ್ಕೊಂತಾವೋ ಇಲ್ಲೋ?” ಪಾಪ, ಆತನ ಕೆಮ್ಮು ಅಲ್ಲೇ ನಿಂತುಹೋಯಿತು. ಆ ಕಟ್ಟೆಯ ಮೇಲೆ ಮತ್ತೆ ಕಾಣಿಸಲಿಲ್ಲ.

ಖಗೋಳ ವಿಜ್ಞಾನಿ ಎಂದರೆ ನೀವು ಏನನ್ನು ಕಲ್ಪಿಸಿಕೊಳ್ಳುತ್ತೀರಿ? ರಾತ್ರಿಯಿಡೀ ಎಚ್ಚರ, ಮಾಳಿಗೆಯ ಮೇಲೆ ದುರ್ಬೀನು? ಇವಳು ಊಟವಾಗುತ್ತಲೇ ಮಲಗುವವಳು! ಯಾವುದೋ ದೇಶದ ಬೆಟ್ಟದ ಮೇಲಿನ ದೊಡ್ಡ ದುರ್ಬೀನು ಇವಳ ಬದಲಿಗೆ ನಿದ್ದೆಗೆಟ್ಟು ನೋಡಿ, ಅಂಕಿಗಳನ್ನು ಕಳಿಸುತ್ತದೆ. ಇವಳು ಹಗಲಲ್ಲಿ ಫ್ಯಾನಿನ ಕೆಳಗೆ ಕುಳಿತು ಆ ಅಂಕಿಗಳಲ್ಲಿ ನಕ್ಷತ್ರ ನೋಡುತ್ತಾಳೆ. ಒಮ್ಮೆ ನಾನು ಆಕಾಶಕ್ಕೆ ಬೆರಳು ಮಾಡಿ, “ಅದು ಯಾವ ನಕ್ಷತ್ರ?” ಎಂದು ಕೇಳಿದೆ. “ಗೊತ್ತಿಲ್ಲಣ್ಣ, ನನ್ನದು ಅದಲ್ಲ,” ಎಂದಳು. ನನಗೆ ಗೊತ್ತಿತ್ತು. ಮೇಷ್ಟ್ರಲ್ಲವೇ! ಆದರೆ ನನ್ನನ್ನು ಯಾರು ಕೇಳಬೇಕು?

ಒಂದು ಸಲ ದೊಡ್ಡ ಚಿತ್ರವೊಂದನ್ನು ತಂದು ಗೋಡೆಗೆ ಅಂಟಿಸಿದಳು. ಕಂದುಗೆಂಪು ಬಣ್ಣದ ದುಂಡನೆಯ ಬಿಲ್ಲೆ, ನಡುವೆ ಉರಿ, ಸುತ್ತ ಕಪ್ಪು ಗೆರೆಗಳು. ಚಿಕ್ಕವ್ವ, ಅಂದರೆ ಅವಳ ಅವ್ವ, ಬಹಳ ಹೊತ್ತು ನೋಡಿದಳು.

“ಯಾರ ಮನ್ಯಾಗಿಂದವಾ ಈ ರೊಟ್ಟಿ? ಹಿಂಗ ಹೊತ್ತಿಸ್ಯಾರಲ್ಲ!”

“ರೊಟ್ಟಿ ಅಲ್ಲಬೇ ಯವ್ವಾ, ಇದು ಧೂಳು. ನಡುವ ಇರೋದು ನಕ್ಷತ್ರ. ಈ ಧೂಳಿನ್ಯಾಗ ಗ್ರಹ ಹುಟ್ಟಾಕತ್ತಾವ. ಈ ಕಪ್ಪು ಗೆರಿ ಕಂಡ್ಯಾ? ಅಲ್ಲಿ ಒಂದು ಗ್ರಹ ಸುತ್ತು ಹೊಡೆದು ಹೊಡೆದು ಧೂಳೆಲ್ಲ ಬಳಿದು ಹಾಕೇತಿ. ಅದಕ್ಕ ಜಾಗ ಖಾಲಿ.”

“ಅಂದ್ರ ಗ್ರಹಾನೂ ಕಸಾ ಹೊಡೀತದಾ?”

“ಹಂಗಂತ ತಿಳ್ಕೋ.”

“ನಿನಗಿಂತ ಅದೇ ಚಲೋ ಬಿಡು!” ಎಂದು ಚಿಕ್ಕವ್ವ ಪೊರಕೆಯನ್ನು ಅವಳ ಕಾಲ ಬಳಿ ಒಗೆದು ಒಳಗೆ ಹೋದಳು.

ಇಂಥವಳಿಗೂ ಒಂದು ಸಂಬಂಧ ಬಂತು, ನೋಡಿ! ಸಿಂಧನೂರು ಕಡೆಯವರು, ಕೆನಾಲ್ ದಂಡೆಗೆ ಹೊಲ ಇದ್ದವರು. ಹುಡುಗ ಬ್ಯಾಂಕಿನಲ್ಲಿ. ಹುಡುಗನ ಅಪ್ಪ ಅವಲಕ್ಕಿ ಚೂಡಾ ಮೆಲ್ಲುತ್ತ ಬಹಳ ವಿನಯದಿಂದ, “ಏನು ಕೆಲಸ ಮಾಡ್ತೀಯವಾ?” ಎಂದು ಕೇಳಿದರು. ಕಾಕಾ ನನ್ನ ಮೊಣಕೈ ಹಿಡಿದುಕೊಂಡ. ಅಷ್ಟರಲ್ಲಿ ತಲೆಯ ಮೇಲಿನ ಬಲ್ಬು ಮಂಕಾಯಿತು. ಇವಳಿಗೆ ಅಷ್ಟೇ ಬೇಕಿತ್ತು.

“ನೋಡ್ರಿ ಮಾಮಾ, ಬಲ್ಬು ಮಂಕಾತು. ಯಾರೋ ನೀರಿನ ಮೋಟಾರ ಚಾಲೂ ಮಾಡ್ಯಾರ. ಅವರನ್ನ ನಾವು ನೋಡಿಲ್ಲ, ಮೋಟಾರನೂ ನೋಡಿಲ್ಲ. ಆದ್ರೂ ತಿಳೀತಿಲ್ಲೋ? ನನ್ನ ಕೆಲಸ ಇದೇ ರೀ. ಎಷ್ಟು ಮಂಕಾತು, ಎಷ್ಟೊತ್ತು ಮಂಕಾತು ನೋಡಿ, ಅದು ಎಷ್ಟು ದೊಡ್ಡದು ಅಂತ ಕುಂತಲ್ಲೇ ಹೇಳ್ತೀನಿ.”

ಗ್ರಹವೊಂದು ನಕ್ಷತ್ರಕ್ಕೆ ಅಡ್ಡ ಬಂದರೆ ಬೆಳಕು ತುಸು ಕುಗ್ಗುತ್ತದೆಂಬುದನ್ನು ಅವಳು ಹೇಳಬೇಕೆಂದಿದ್ದಳು. ಅಲ್ಲಿಗೆ ಅವಳು ಮುಟ್ಟಲೇ ಇಲ್ಲ. ಚೂಡಾ ತಿನ್ನುತ್ತಿದ್ದ ಕೈ ನಿಂತಿತು.

“ಕುಂತಲ್ಲೇ?”

“ಹೂಂ ರೀ. ಮತ್ತ ಒಮ್ಮೆ ಮಂಕಾಗಿ, ಚೂರು ಬೆಳಗಿ, ಮತ್ತ ಮಂಕಾದ್ರ ಒಂದೇ ಅಲ್ಲ, ಸುತ್ತ ಸಾಲಿಗೆ ಅದಾವ ಅಂತ ತಿಳೀತದ. ಎಷ್ಟು ದೂರ ಇದ್ದರೂ ತಪ್ಪಿಸ್ಕೊಳ್ಳಾಕ ಆಗಂಗಿಲ್ಲ ರೀ!”

ಅವಳು ಹೇಳುತ್ತಿದ್ದದ್ದು ಗ್ರಹದ ಸುತ್ತಿನ ಬಳೆಗಳ ಸಂಗತಿ. ಆದರೆ ಬೀಗರಾಗಬೇಕಾದವರು ಚಹಾ ಕೂಡ ಕುಡಿಯದೆ ಹೊರಟರು. ಆಮೇಲೆ ನಡುವಿನ ಮನುಷ್ಯ ಬಂದು ಹೇಳಿದ: ಅವರು ಕೆನಾಲಿನ ದಂಡೆಗೆ ಜಾಲಿಮುಳ್ಳಿನ ಕಂಟಿ ಮುಚ್ಚಿ ಕಳ್ಳ ಮೋಟಾರುಗಳನ್ನು ಸಾಲಿಗೆ ಇಟ್ಟಿದ್ದಾರಂತೆ. “ಇಂಥಾ ಸೊಸಿ ಬಂದ್ರ ನಮ್ಮ ಗದ್ದಿ ಒಣಗತಾವ” ಎಂದರಂತೆ. ಅವರು ಹಾಗೆ ಎತ್ತಿಕೊಂಡ ನೀರು ಇಳಿದು ಮಸ್ಕಿಯ ಕಡೆಗೆ ಬರಬೇಕಾದದ್ದು. ಅದನ್ನು ಯಾರೂ ಆಡಲಿಲ್ಲ. ಓಣಿಯವರೆಲ್ಲ ಆಡಿಕೊಂಡದ್ದು ಹುಡುಗಿಯ ಬಾಯಿ ಜೋರು ಎಂದು.

ಚಿಕ್ಕವ್ವ ಅತ್ತಳು. ಇವಳು ಕುರ್ಚಿಯಿಂದ ಜಿಗಿದೆದ್ದಳು: “ಅಂದ್ರ ಮೋಟಾರ ಖರೇನ ಇದ್ದವಾ? ಅಣ್ಣಾ, ಸಾಲಿಗೆ ಅದಾವ ಅಂತ ನಾ ಹೇಳಿರಲಿಲ್ಲೇನು!”

ಕಳೆದ ವರ್ಷ ಧೂಳಿನ ಸಂಶೋಧನೆಗೆಂದು ಇವಳ ಹೆಸರು ಪೇಪರಿನಲ್ಲಿ ಬಂತು. ಬಂದದ್ದೇ ತಡ, ಅಲ್ಲಿಯವರೆಗೆ ನಮ್ಮ ಓಣಿಯ ದಾರಿಯೇ ಗೊತ್ತಿರದಿದ್ದ ಜನ ಶಾಲು ಹಿಡಿದುಕೊಂಡು ಬಂದರು. ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ಸನ್ಮಾನ. ಅಧ್ಯಕ್ಷತೆ ಯಾರದು? ಕಾಕಾ ಮೂಟೆ ಹೊರುತ್ತಿದ್ದ ಮಿಲ್ಲಿನ ಸಾಹುಕಾರರದು! ಅವರು ಇವಳನ್ನು ‘ನಮ್ಮ ಮನೆಯ ಮಗಳು’ ಎಂದರು. ಅವರ ಮನೆಯ ಪಡಸಾಲೆ ಹೇಗಿದೆಯೆಂದು ನಮ್ಮಲ್ಲಿ ಒಬ್ಬರೂ ಕಂಡವರಿಲ್ಲ. ಇವಳು ರಾಕೆಟ್ ಹಾರಿಸಿದಳೆಂದರು. ಅಂಗಳದಲ್ಲಿ ಗಾಳಿಪಟ ಹಾರಿಸಿದವಳೂ ಅಲ್ಲ. ಮುಂದಿನ ಸಾಲಿನ ಕುರ್ಚಿಗಳು ಖಾಲಿಯಿದ್ದವು. ಕಾಕಾ ಬಾಗಿಲ ಪಕ್ಕ ಗೋಡೆಗೆ ಆತು ನಿಂತಿದ್ದ. “ಕುಂದರು ಬಾ ಕಾಕಾ” ಎಂದು ನಾನು ಕೈ ಹಿಡಿದು ಎಳೆದೆ. “ಸಾಹುಕಾರ್ರು ಅದಾರಲ್ಲೋ” ಎಂದು ಕೈ ಬಿಡಿಸಿಕೊಂಡ. ನನ್ನ ಪದವಿ ಅವನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಲಿಲ್ಲ. ಅವಳ ಡಾಕ್ಟರೇಟೂ ಕೂರಿಸಲಿಲ್ಲ.

ಅವಳು ವೇದಿಕೆಯ ಮೇಲಿಂದ ಅದನ್ನು ನೋಡುತ್ತಿದ್ದಳು. ಮೈಕಿನ ಮುಂದೆ ಬಂದು ಶಾಲನ್ನು ಮಡಚಿ ಮೇಜಿನ ಮೇಲಿಟ್ಟಳು.

“ನಾ ಧೂಳಿನ ಬಗ್ಗೆ ಓದೀನಿ. ಅದನ್ನ ಮೊದಲು ತೋರಿಸಿದ್ದು ಈ ಸಾಹುಕಾರ್ರ ಮಿಲ್ಲು. ದಿನಾ ಸಂಜೀಕ ನಮ್ಮಪ್ಪ ಮೈತುಂಬ ಹೊತ್ಕೊಂಡು ಬರತಿದ್ದ. ಆಕಾಶದಾಗಿನ ಧೂಳು ತಿರುಗಿ ತಿರುಗಿ ಕಡೀಕ ಗ್ರಹ ಆಗತೈತಿ. ಮಿಲ್ಲಿನ ಧೂಳು ಏನಾಗತೈತಿ ಅಂತ, ಅಗೋ ಅಲ್ಲಿ, ಬಾಗಲ ಹತ್ರ ನಿಂತು ಕೆಮ್ಮಾಕತ್ತಾರಲ್ಲ, ಅವರನ್ನ ಕೇಳ್ರಿ.”

ಆಮೇಲೆ ಏನಾಯಿತು ಗೊತ್ತೇ? ಚಪ್ಪಾಳೆ! ಮಿಲ್ಲನ್ನು ಹೊಗಳಿದಳೆಂದು ತಿಳಿದ ಸಾಹುಕಾರರು ಎದ್ದು ನಿಂತು ನಾಲ್ಕೂ ಕಡೆ ಕೈ ಮುಗಿದರು. ಬಯ್ದರೂ ಕೈ ಮುಗಿಯುವ ಜನರನ್ನು ಏನು ಮಾಡುತ್ತೀರಿ?

ಮರುದಿನ ಅವಳು ಕಾಕಾನನ್ನು ಲಿಂಗಸುಗೂರಿನ ದವಾಖಾನೆಗೆ ಕರೆತಂದಳು. ನಾನೂ ರಜೆ ಹಾಕಿ ಹೋದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಪಕ್ಕೆಲುಬುಗಳ ಒಳಗೆ ಬೆಳ್ಳಗಿನ ಮಂಜು, ನಡುವೆ ಸಣ್ಣ ಸಣ್ಣ ಚುಕ್ಕೆ. ಮಿಲ್ಲು ಬಿಡಬೇಕು, ಆದದ್ದು ವಾಪಸು ಬರುವುದಿಲ್ಲ, ಔಷಧಿಯಿಂದ ಉಸಿರು ಸ್ವಲ್ಪ ಸಲೀಸಾದೀತು ಎಂದರು. ಮುಂದಿನ ರೋಗಿಯನ್ನು ನೋಡಲು ಹೊರಗೆ ಹೋದರು.

ಇವಳು ಪೆಟ್ಟಿಗೆಯ ಮುಂದೆ ನಿಂತುಬಿಟ್ಟಳು. ಧೂಳೆಂದರೆ ಊಟ ಬಿಟ್ಟು ಮಾತಾಡುವವಳು, ಬೀಗರನ್ನು ಓಡಿಸಿದವಳು ಇವಳೇ. ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು.

ಕಾಕಾನೇ ಕೇಳಿದ. “ಯಾಕಬೇ, ಸುಮ್ಮನಾದಿ? ಧೂಳಿನ ಡಾಕ್ಟರ್ ನೀನಲ್ಲೇನು? ಏನು ಕಾಣ್ತದ ಹೇಳು.”

“ಧೂಳು, ಅಪ್ಪಾ.”

“ಅದು ನನಗೂ ಗೊತ್ತೈತಿ. ನಿನ್ನ ಧೂಳಿನ್ಯಾಗ ಏನೇನೋ ಹುಟ್ಟತಾವ ಅಂತಿದ್ದೆಲ್ಲ. ಮತ್ತ ಇದರಾಗ ಏನು ಹುಟ್ಟೇತಿ?” ಎಂದು ಎದೆ ತಟ್ಟಿಕೊಂಡ. ಅವಳನ್ನು ನಗಿಸಲೆಂದು ಕೇಳಿದ್ದು, ಪಾಪ.

ಅವಳು ನಗಲಿಲ್ಲ. “ನಾನು,” ಎಂದಳು.

ಮಸ್ಕಿಯಲ್ಲಿ ಬಸ್ಸಿಳಿದ ಕೂಡಲೆ ಕಾಕಾ ನಮ್ಮಿಬ್ಬರನ್ನೂ ಹೋಟೆಲಿಗೆ ಕರೆದೊಯ್ದ. ಅವನ ಕಂಕುಳಲ್ಲಿ ಎಕ್ಸ್‌ರೇ ಲಕೋಟೆ. ಹೋಟೆಲಿನವನು ಚಹಾ ತಂದಿಟ್ಟು ಎಂದಿನಂತೆ ಕೆಣಕಿದ: “ಏನು ಕಾಕಾ, ಮಗಳು ಬಂದಾಳ! ಏನು ಕೆಲಸ ಮಾಡ್ತಾಳ ಅಂತ ಇವತ್ತರ ಹೇಳ್ತಿಯೋ ಇಲ್ಲೋ?”

“ಧೂಳಿನ್ಯಾಗ ಏನು ಹುಟ್ಟತೈತಿ ಅಂತ ನೋಡ್ತಾಳಲೇ,” ಎಂದ ಕಾಕಾ.

ಚಹಾ ಇನ್ನೂ ಹೊಗೆಯಾಡುತ್ತಿತ್ತು. ಅವನು ಅದನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಊದಲು ಹೋದ; ಉಸಿರು ಸಾಲಲಿಲ್ಲ. ಅವಳು ಬಸಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಊದಿ, ಮತ್ತೆ ಅವನ ಮುಂದೆ ಸರಿಸಿದಳು.