ಯಾರೂ ಫೇಲಾಗದ ಪ್ರಯೋಗ

ನಮ್ಮ ಚಿಕ್ಕಮ್ಮನ ಕೈಗೆ ಸಿಕ್ಕವರು ಇದುವರೆಗೆ ಒಬ್ಬರೂ ಫೇಲಾದದ್ದಿಲ್ಲ! ಅವಳೇನು ಮೇಡಂ ಅಲ್ಲ, ವಿದ್ಯಾರ್ಥಿನಿ. ನಲವತ್ತೈದನೇ ವಯಸ್ಸಿನಲ್ಲಿ ಬಿ.ಎ. ಮನಃಶಾಸ್ತ್ರ ಓದುತ್ತಿರುವವಳು. ಹೆಸರು ಮಾತ್ರ ಕೇಳಬೇಡಿ, ಈ ಕಥೆಯಲ್ಲಿ ಪ್ರಯೋಗಕ್ಕೆ ಕೂತವಳು ಅವಳೇ. ಪ್ರಯೋಗಕ್ಕೆ ಕೂತವರ ಹೆಸರನ್ನು ಗುಟ್ಟಾಗಿಡಬೇಕೆಂದು ಅವಳಿಗೆ ಪಾಠ ಹೇಳಿದವಳೇ ನಾನು. ಹೌದು, ಹುಣಸೂರಿನ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಚಿಕ್ಕಮ್ಮ ಮೊದಲ ಬೆಂಚು. ಇಂಥ ಯೋಗ ಯಾರಿಗುಂಟು?

ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ತಡ, ಹಳೆಯ ಪಿಯುಸಿ ಅಂಕಪಟ್ಟಿಯನ್ನು ಟ್ರಂಕಿನ ತಳದಿಂದ ಎಳೆದು ಕಂಪಲಾಪುರದಲ್ಲಿ ಬಸ್ಸು ಹತ್ತಿಯೇಬಿಟ್ಟಳು. ಕ್ಲಾಸಿನಲ್ಲಿ ನನ್ನನ್ನು ‘ಮೇಡಂ’ ಎನ್ನುತ್ತಾಳೆ, ‘ನೀವು’ ಎನ್ನುತ್ತಾಳೆ. ಗಂಟೆ ಹೊಡೆಯಿತೋ, "ಏನೇ, ಇವತ್ತು ತಲೆ ಬಾಚ್ಕಂಡಿಲ್ವಾ?" ಹುಡುಗ ಹುಡುಗಿಯರೆಲ್ಲ ಕಿಸಕ್ಕೆಂದು ನಗುವಾಗ ನನ್ನ ಗಾಂಭೀರ್ಯದ ಗತಿ ಏನಾಗಬೇಡ!

ಅಂಕಿಗಳನ್ನು ಹೇಳಿ, ಕೇಳಿದವರಿಂದ ಹಾಗೇ ಹೇಳಿಸುವ ಪ್ರಯೋಗವೊಂದಿದೆ. ಅದನ್ನು ಕಲಿತ ದಿನವೇ ಬಸ್ಸಿನಲ್ಲಿ ಕಂಡಕ್ಟರನ ಮೇಲೆ ಪ್ರಯೋಗಿಸಿದಳು. "ಒಂಬತ್ತು, ಎಂಟು, ನಾಕು, ಏಳು..." ಎಂದು ಶುರು ಮಾಡಿದ್ದೇ ಪಾಪ, ಆತ ಬೆವೆತುಹೋದ. "ನಿಮ್ ಫೋನ್ ನಂಬರ್ ನಂಗ್ಯಾಕಕ್ಕಾ? ಮನೇಲಿ ಎಂಡ್ರವ್ಳೆ!"

ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸುವುದು ಇನ್ನೊಂದು ಪ್ರಯೋಗ. ಎಂಥವರಿಗೂ ಕೈ ತಪ್ಪುತ್ತದೆ. ಎಷ್ಟು ಸಲ ತಪ್ಪುತ್ತದೆ ಎಂದು ಎಣಿಸಬೇಕು. ಚಿಕ್ಕಮ್ಮ ಏನು ಮಾಡಿದಳು ಗೊತ್ತೇ? ಅಕ್ಕಿಯ ತಟ್ಟೆಯಲ್ಲಿ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ, ಪಕ್ಕದ ಮನೆಯಾಕೆಯ ಕೈಯನ್ನು ತಾನೇ ಹಿಡಿದು ನಕ್ಷತ್ರ ತಿದ್ದಿಸಿಬಿಟ್ಟಳು. ರೆಕಾರ್ಡ್ ಪುಸ್ತಕದಲ್ಲಿ ‘ತಪ್ಪುಗಳು: ಸೊನ್ನೆ’ ಎಂದು ದುಂಡಗೆ ಬರೆದಳು.

ನೆನಪಿನ ಪ್ರಯೋಗವಂತೂ ಕೇಳಲೇಬೇಡಿ. ಹತ್ತು ಪದ ಓದಿ, ಎಷ್ಟು ನೆನಪಿದೆ ಎಂದು ಕೇಳುವುದು. ಅವಳ ಬೀದಿಯವರಿಗೆಲ್ಲ ಹತ್ತಕ್ಕೆ ಹತ್ತು!

"ಇದು ಹೇಗೆ ಸಾಧ್ಯ ಚಿಕ್ಕಮ್ಮ?"

"ಮೊದ್ಲೇ ಯೋಳ್ಕೊಟ್ಟೆ ಕಣೇ. ಮನೆಗೆ ಕರ್ದು, ಮಣೆ ಆಕಿ ಕೂರ್ಸಿ, ಫೇಲ್ ಮಾಡಿ ಕಳ್ಸಕಾಯ್ತದಾ? ಅರಿಶಿನ ಕುಂಕುಮನೂ ಕೊಟ್ಟಿವ್ನಿ!"

ಹಣೆ ಚಚ್ಚಿಕೊಂಡೆ. ಸೋಮವಾರ ಪ್ರಾಯೋಗಿಕ ಪರೀಕ್ಷೆ. ರೆಕಾರ್ಡಿಗೆ ನನ್ನ ಸಹಿಯಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಈ ನೆನಪಿನ ಪ್ರಯೋಗವೊಂದನ್ನಾದರೂ ನನ್ನೆದುರು ನೆಟ್ಟಗೆ ಮಾಡಿದರೆ ಮಾತ್ರ ಸಹಿ ಎಂದೆ. ಆದರೆ ಯಾರ ಮೇಲೆ ಮಾಡುವುದು? ಡಿಪಾರ್ಟ್‌ಮೆಂಟಿನ ಪದಗಳ ಪಟ್ಟಿ ಬದಲಿಸುವಂತಿಲ್ಲ, ಬೀದಿಗೆ ಬೀದಿಯೇ ಅದನ್ನು ಬಾಯಿಪಾಠ ಮಾಡಿ ಕೂತಿದೆ! ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಅಂಕಿಯ ಬದಲು ಆ ಹತ್ತು ಪದಗಳನ್ನೇ ಎಣಿಸುತ್ತಾರಂತೆ. ಹೇಳಿಕೊಟ್ಟದ್ದು ತಲೆಯಲ್ಲಿ ನಿಲ್ಲದವರು ಒಬ್ಬರೇ: ಎಂಬತ್ತು ದಾಟಿದ ಅಜ್ಜಿ, ಅಂದರೆ ಚಿಕ್ಕಮ್ಮನ ಅತ್ತೆ.

"ನಮ್ಮತ್ತೆ ಬ್ಯಾಡ ಕಣೇ," ಎಂದಳು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

"ಯಾಕೆ?"

"ದಿನಾ ಬೆಳಿಗ್ಗೆ ಅವರ ಮುಂದೆ ಕೂತ್ಕಂಡು, ‘ಇವತ್ತು ಬುಧವಾರ, ನಾನು ನಿಮ್ ಸೊಸೆ’ ಅಂತ ಯೋಳ್ತೀನಿ. ಆಮ್ಯಾಕೆ ಕೇಳ್ತೀನಿ. ಸರಿಯಾಗಿ ಯೋಳ್ಬುಟ್ಟು ಮಗಿನಂಗೆ ನಗ್ತಾರೆ. ಯೋಳ್ಕೊಡ್ದೆ ಕೇಳಿದ್ರೆ... ನೀನ್ಯಾರು ಅಂದ್ಬುಟ್ರೆ? ಅದ್ಕೇ ಯಾವತ್ತೂ ಅಂಗೆ ಕೇಳಿಲ್ಲ ಕಣೇ."

ಈ ವಯಸ್ಸಿನಲ್ಲಿ, ಇಷ್ಟೊಂದು ವಿಷಯಗಳಿರುವಾಗ, ಮನಃಶಾಸ್ತ್ರವನ್ನೇ ಯಾಕೆ ಹಿಡಿದಳೆಂದು ನನಗೆ ಆಗ ತಿಳಿಯಿತು. ಸಂಕಟವಾಯಿತು. ಹಾಳಾಗಲಿ, ಸಹಿ ಹಾಕಿಬಿಡೋಣ ಎಂದು ಪೆನ್ನಿಗೆ ಕೈ ಹಾಕುವಷ್ಟರಲ್ಲಿ ಅವಳೇ, "ಬುಡು. ಎಷ್ಟ್ ದಿನ ಅಂತ ಎದ್ರಕಳದು? ಭಾನುವಾರ ಬಾ," ಎಂದಳು.

ಭಾನುವಾರ ಹೋದೆ. ಅಂದು ಬೆಳಿಗ್ಗೆ ಅಜ್ಜಿಗೆ ಅವಳು ಏನನ್ನೂ ಹೇಳಿಕೊಟ್ಟಿರಲಿಲ್ಲ. ಹೆದರಿಕೆಗೆ ತಾನು ತಿಂಡಿಯನ್ನೂ ಮುಟ್ಟಿರಲಿಲ್ಲ. ಅಜ್ಜಿಯನ್ನು ಕೂರಿಸಿ ಪಟ್ಟಿ ಓದಿದಳು. ಎಲ್ಲಿ ಬಾಯಿ ತಪ್ಪಿ ಉತ್ತರ ಹೇಳಿಬಿಡುತ್ತೇನೋ ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಕಿಟಕಿಯಲ್ಲಿ ಇಡೀ ಬೀದಿ ನಿಂತಿತ್ತು. ಹತ್ತೂ ಉತ್ತರಗಳು ಅವರ ನಾಲಿಗೆಯ ತುದಿಯಲ್ಲೇ ಇದ್ದವು! ನಾನು ಕಣ್ಣು ಕೆಂಪಗೆ ಮಾಡಿ ನೋಡಿದೆ.

"ಕೊಡ," ಎಂದರು ಅಜ್ಜಿ. ಬಹಳ ಹೊತ್ತಿನ ಮೇಲೆ, "ಹಸ." ಇನ್ನೂ ಬಹಳ ಹೊತ್ತಿನ ಮೇಲೆ, "ದೀಪ." ಅಷ್ಟೇ. ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಅಜ್ಜಿ ಚಿಕ್ಕಮ್ಮನ ಮುಖವನ್ನೇ ನೋಡಿದರು, ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಗದರಿದರು.

"ಯಾರವ್ವ ನೀನು? ನನ್ ಸೊಸೆ ಬೆಳಿಗ್ಗಿಂದ ಬಾಯ್ಗೆ ನೀರೂ ಬುಟ್ಕಂಡಿಲ್ಲ. ಮೊದ್ಲು ಅವಳ್ಗೆ ಉಣ್ಣಾಕಿಕ್ಕು!"

ಚಿಕ್ಕಮ್ಮನ ಬಾಯಿಂದ ಸೆರಗು ಜಾರಿತು. ಯಾರೂ ಹೇಳಿಕೊಟ್ಟಿರಲಿಲ್ಲ! ಕಿಟಕಿಯಲ್ಲಿದ್ದವರು ಮೂಗೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ? ಚಿಕ್ಕಮ್ಮ ಅಳುತ್ತಲೇ ರೆಕಾರ್ಡ್ ಪುಸ್ತಕ ಎಳೆದುಕೊಂಡಳು. ಮನೆಯಲ್ಲಿ ಮೊದಲ ಬಾರಿಗೆ ನನ್ನನ್ನು ಬಹುವಚನದಲ್ಲಿ ಕೇಳಿದಳು: "‘ಸೊಸೆ’ ಅನ್ನದು ಪಟ್ಟೀಲಿಲ್ಲ ಮೇಡಂ. ತಪ್ಪು ಅಂತ ಬರೀಬೇಕಲ್ವ್ರಾ?"

"ಬರಿ," ಎಂದೆ.

‘ಸರಿ: ಮೂರು. ತಪ್ಪು: ಒಂದು’ ಎಂದು ದುಂಡಗೆ ಬರೆದಳು. ಆ ಇಡೀ ಪುಸ್ತಕದಲ್ಲಿ ಅದೊಂದೇ ತಪ್ಪು. ಅದರ ಕೆಳಗೆ ಸಹಿ ಹಾಕಿ, ಅಜ್ಜಿಯ ಮಾತಿನಂತೆ ಅವಳಿಗೆ ಊಟ ಬಡಿಸಲು ಎದ್ದೆ.