ಪಿಚ್ಚರ್ ಇಲ್ಲದ ಹನ್ನೆರಡು ಹಾಡು

ಬೇರೆಯವರಿಗೆ ಹಾಡು ಕೇಳಿಸಬೇಕು ಅಂತ ಆಸೆ ಇಟ್ಟುಕೊಂಡವನಿಗೆ ಮರ್ಯಾದೆ ಅನ್ನುವುದು ತುಂಬಾ ದಿನ ಉಳಿಯುವುದಿಲ್ಲ. ನನ್ನದು ಹೋಗೋಕೆ ಶುರುವಾಗಿ ಹತ್ತು ವರ್ಷವಾಯಿತು, ಇನ್ನೂ ಹೋಗುತ್ತಲೇ ಇದೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಕಾರರ ಮನೆ. ಹಿಂದುಗಡೆ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಮುಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್. ಮಗ್ಗ ಅಪ್ಪನದು, ಸೀರೆಯ ಸೆರಗು ಬಾರ್ಡರುಗಳಿಗೆ ಡಿಸೈನ್ ಮಾಡುವುದು ನನ್ನದು. ಆ ಕೆಲಸ ಮಾಡುತ್ತಾ ನಾನು ಹುಡುಕಿ ಹುಡುಕಿ ಹೊಸ ಹುಡುಗ ಹುಡುಗಿಯರ ಹಾಡು ಕೇಳುತ್ತೇನೆ. ಸಿನಿಮಾ ಇಲ್ಲ, ಹೀರೋ ಇಲ್ಲ. ರೂಮಿನ ಬಾಗಿಲು ಹಾಕಿಕೊಂಡು ತಾವೇ ಬರೆದು, ತಾವೇ ಹಾಡಿ, ತಾವೇ ನೆಟ್ಟಿಗೆ ಹಾಕುತ್ತಾರಲ್ಲ, ಇಂಡಿ ಅಂತಾರೆ, ಅಂಥವು. ಮೂರು ತಿಂಗಳಿಗೊಮ್ಮೆ ಅದರಲ್ಲಿ ಹನ್ನೆರಡು ಆರಿಸುತ್ತೇನೆ. ಯಾವುದಾದ ಮೇಲೆ ಯಾವುದು ಬರಬೇಕು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇನೆ. ಆಮೇಲೆ ಪೆನ್‌ಡ್ರೈವಿಗೆ ಹಾಕಿ ಕಂಡಕಂಡವರಿಗೆ ಹಂಚುತ್ತೇನೆ.

"ಮದುವೆ ಕಾರ್ಡು ಹಂಚೋರಾದ್ರೂ ಆಮೇಲೆ ಊಟ ಹಾಕ್ತಾರೆ," ಅಂತಾಳೆ ನನ್ನ ಹೆಂಡತಿ. "ನೀವು ಯಾವ ಧೈರ್ಯದ ಮೇಲೆ ಹಂಚ್ತೀರೋ!"

ನನಗೆ ಬೇಕಾಗಿರುವುದು ಇಷ್ಟೇ. ಅಪ್ಪ ಒಂದು ಸಲ, ಒಂದೇ ಒಂದು ಹಾಡನ್ನು, ಮೊದಲಿನಿಂದ ಕೊನೆಯವರೆಗೆ ಕೂತು ಕೇಳಬೇಕು. ಕೇಳಿಸಲು ಹೋದಾಗಲೆಲ್ಲ ಅರ್ಧ ನಿಮಿಷಕ್ಕೆ, "ಯಾವ ಪಿಚ್ಚರ್‌ದೋ ಇದು?" ಅಂತಾರೆ.

"ಪಿಚ್ಚರ್ ಇಲ್ಲ ಅಪ್ಪಾ."

"ಪಿಚ್ಚರೇ ಇಲ್ಲ ಅಂದ್ಮೇಲೆ ಹಾಡು ಯಾಕ್ ಬಂತು?" ಅಂತ ಎದ್ದು ಮಗ್ಗದ ಕಡೆ ಹೋಗಿಬಿಡುತ್ತಾರೆ. ನನಗೆ ನಲವತ್ತೈದು ವಯಸ್ಸು. ಇವತ್ತಿಗೂ ಬೇಜಾರಾಗುತ್ತದೆ.

ಕಟಿಂಗ್ ಶಾಪ್ ವಿಮರ್ಶೆ

ಈ ಪಿಚ್ಚರ್ ಪ್ರಶ್ನೆ ಅಪ್ಪನದು ಮಾತ್ರ ಅಲ್ಲ. ನಾನು ಕೂದಲು ಕತ್ತರಿಸಿಕೊಳ್ಳುವ ಅಂಗಡಿಯವನಿಗೂ ಒಂದು ಪೆನ್‌ಡ್ರೈವ್ ಕೊಟ್ಟಿದ್ದೆ. ಮುಂದಿನ ಸಲ ಹೋದಾಗ ಹಾಕಿದ್ದ. ನನಗೆ ಖುಷಿಯೋ ಖುಷಿ.

"ಹಾಡು ಚೆನ್ನಾಗಿದೆ ಸಾರ್. ಯಾವ ಪಿಚ್ಚರ್?"

ಕುತ್ತಿಗೆಯ ಮೇಲೆ ಕತ್ತಿ ಇತ್ತು. ಇಂಡಿ ಸಂಗೀತದ ಬಗ್ಗೆ ಭಾಷಣ ಮಾಡುವ ಹೊತ್ತಲ್ಲ. ಬಾಯಿಗೆ ಬಂದ ಒಂದು ಹೆಸರು ಕಟ್ಟಿ ಹೇಳಿದೆ. ಹೀರೋ ಯಾರು ಅಂದ. ಹೊಸಬ ಅಂದೆ. ಡೈರೆಕ್ಟರ್ ಅಂದ. ಅವನೂ ಹೊಸಬ ಅಂದೆ.

ಒಂದು ತಿಂಗಳು ಬಿಟ್ಟು ಮತ್ತೆ ಹೋದೆ. ನನ್ನನ್ನು ಕಂಡವನೇ ಮುಖ ಹುಳ್ಳಗೆ ಮಾಡಿಕೊಂಡ.

"ನಿಮ್ಮ ಮಾತು ಕೇಳಿ ಆ ಪಿಚ್ಚರ್ ನೋಡ್ಬಿಟ್ಟೆ ಸಾರ್, ಹೆಂಡ್ತೀನೂ ಕರ್ಕೊಂಡು ಹೋಗಿದ್ದೆ," ಅಂದ. "ಹಾಡು ಬಿಟ್ರೆ ಏನೂ ಇಲ್ಲ. ಅದರಲ್ಲೂ ಸೆಕೆಂಡ್ ಹಾಫ್ ಸಿಕ್ಕಾಪಟ್ಟೆ ಎಳೆದ್ಬಿಟ್ಟಿದ್ದಾರೆ."

ಚಿಕ್ಕಮ್ಮನ ಸೂಪರ್

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಮೂವತ್ತು ಜನ ಇದ್ದೇವೆ. ದಿನಕ್ಕೊಂದು ಹಾಡು ಹಾಕುತ್ತೇನೆ. ಇಪ್ಪತ್ತೆಂಟು ಜನ ಸತ್ತ ಹಾಗೆ ಇರುತ್ತಾರೆ. ನಲ್ಲೂರಿನ ಚಿಕ್ಕಮ್ಮ ಮಾತ್ರ "ಸೂಪರ್" ಅಂತ ಹಾಕುತ್ತಾರೆ. ಐದು ನಿಮಿಷದ ಹಾಡಿಗೆ ಐದೇ ಸೆಕೆಂಡಿನಲ್ಲಿ ಸೂಪರ್ ಬರುತ್ತದೆ. ಪರವಾಗಿಲ್ಲ, ಇದೊಂದು ಜೀವವಾದರೂ ಇದೆಯಲ್ಲ ಅಂತ ಒಂದು ದಿನ ಫೋನ್ ಮಾಡಿದೆ.

"ನಿಜವಾಗ್ಲೂ ಕೇಳ್ತೀರಾ ಚಿಕ್ಕಮ್ಮಾ?"

"ಕೇಳೋಕೆಲ್ಲಿ ಪುರುಸೊತ್ತು ಮಗಾ? ಎರಡು ಹಸು ಕಟ್ಕೊಂಡಿದ್ದೀನಿ. ನೀನು ಕಷ್ಟಪಟ್ಟು ಹಾಡ್ತೀಯಲ್ಲ, ಅದಕ್ಕೆ ಸೂಪರ್ ಅಂತೀನಿ."

"ನಾನಾ? ನಾನು ಹಾಡಿರೋದಲ್ಲ ಚಿಕ್ಕಮ್ಮಾ! ನಿನ್ನೆ ಹಾಕಿದ್ದು ಕೇಳಿ ನೋಡಿ, ಹೆಣ್ಣು ದನಿ ಅದು."

ಚಿಕ್ಕಮ್ಮ ದನಿ ತಗ್ಗಿಸಿ ಹೇಳಿದರು:

"ಗೊತ್ತು ಮಗಾ. ಒಂದ್ಸಲ ಹಾಕಿ ಕೇಳಿದ್ದೆ. ಅದಕ್ಕೇ ನಾನು ಊರಲ್ಲಿ ಯಾರ ಹತ್ರಾನೂ ನಿನ್ನ ದನಿ ವಿಷ್ಯ ಬಾಯಿ ಬಿಟ್ಟಿಲ್ಲ."

ಬೂದಿಗೆರೆಯ ಶಾಮಿಯಾನ

ನನ್ನ ತಂಗಿಯನ್ನು ಬೂದಿಗೆರೆಗೆ ಕೊಟ್ಟಿದೆ. ಅವಳ ಮಗುವಿನ ನಾಮಕರಣ. ಮನೆ ಮುಂದೆ ರಸ್ತೆಗೇ ಶಾಮಿಯಾನ ಹಾಕಿ, ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟಿದ್ದರು. ಶಾಸ್ತ್ರ ಮುಗಿಯಿತು, ಅಡುಗೆ ಇನ್ನೂ ಆಗಿರಲಿಲ್ಲ. ಅಷ್ಟರಲ್ಲಿ ಮಗು ಮಲಗಿತು. ಒಂದು ವಾರದಿಂದ ಯಾರಿಗೂ ನಿದ್ದೆ ಕೊಟ್ಟಿರಲಿಲ್ಲವಂತೆ. ಹಾಗಾಗಿ ಬಂದವರಿಗೆಲ್ಲ ಶಬ್ದ ಮಾಡಬೇಡಿ ಅಂತ ತಾಕೀತು ಆಯಿತು. ಐವತ್ತು ಜನ ಕೈಕಟ್ಟಿಕೊಂಡು, ತಲೆ ತಗ್ಗಿಸಿ ಮೊಬೈಲ್ ನೋಡುತ್ತಾ ಕೂತರು.

"ಏನಾದ್ರೂ ಮೆಲ್ಲಗಿರೋ ಹಾಡು ಹಾಕಣ್ಣಾ," ಅಂದಳು ತಂಗಿ.

ನನ್ನ ಹನ್ನೆರಡರಲ್ಲಿ ಹನ್ನೊಂದನೇ ಹಾಡು ಹಾಕಿದೆ. ಅದರಲ್ಲಿ ಮಾತೇ ಇಲ್ಲ. ಒಬ್ಬ ಹುಡುಗ ಸುಮ್ಮನೆ ಗುನುಗುತ್ತಾನೆ, ಹಿಂದೆ ಒಂದು ಕೊಳಲು. ನನಗೆ ಪ್ರಾಣ ಆ ಹಾಡು ಅಂದರೆ.

ರಸ್ತೆಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಸ್ಕೂಟರ್ ನಿಲ್ಲಿಸಿದರು. ನೋಡಿದರು. ಕೇಳಿದರು. ಗಾಡಿ ತಿರುಗಿಸಿಕೊಂಡು ಹೋಗಿ ಹತ್ತೇ ನಿಮಿಷಕ್ಕೆ ಒಂದು ದೊಡ್ಡ ಹಾರ ತಂದರು. ಚಪ್ಪಲಿ ದೂರ ಬಿಟ್ಟು, ಸೀದಾ ಬಂದು ನಮ್ಮ ಭಾವನ ಪಕ್ಕ ಕೂತರು. ನಿದ್ದೆಗೆಟ್ಟು ಭಾವನ ಕಣ್ಣು ಕೆಂಪಗಿದ್ದವು. ಹಿರಿಯರು ಅವರ ಕೈ ಹಿಡಿದುಕೊಂಡು, "ಧೈರ್ಯ ತಂದ್ಕೊಳಪ್ಪಾ," ಅಂದರು. "ಎಷ್ಟೊತ್ತಿಗೆ ಎತ್ತೋದು?"

ಆಮೇಲೆ ಆದ ಗಲಾಟೆಗೆ ಮಗು ಎದ್ದು ಚೀರಿತು. ಹಿರಿಯರು ನಾಚಿಕೆಯಿಂದ ಹೊರಟೇಬಿಟ್ಟಿದ್ದರು. ತಂಗಿ ಬಿಡದೆ ಕೂರಿಸಿ ಹೋಳಿಗೆ ಊಟ ಹಾಕಿಸಿದಳು. ನಾನಂತೂ ಕಂಬದ ಹಿಂದೆ ಅಡಗಿದ್ದೆ. ಕೈ ತೊಳೆದುಕೊಂಡವರು ಹುಡುಕಿಕೊಂಡು ಅಲ್ಲಿಗೇ ಬಂದರು.

"ಹಾಡು ಹಾಕಿದ್ದು ನೀವೇನಾ ಸ್ವಾಮಿ? ಅದನ್ನ ನನ್ನ ಮೊಬೈಲಿಗೆ ಕಳಿಸ್ಬಿಡಿ. ನಮ್ಮ ಕಡೆ ಒಬ್ರು ತುಂಬಾ ದಿನದಿಂದ ಹಾಸಿಗೆ ಹಿಡಿದವ್ರೆ, ಬೇಕಾಗುತ್ತೆ."

ಈ ಹತ್ತು ವರ್ಷದಲ್ಲಿ ತಾವಾಗಿಯೇ ಬಾಯಿಬಿಟ್ಟು ಹಾಡು ಕೇಳಿ ಪಡೆದವರು ಅವರೊಬ್ಬರೇ. ಕಳಿಸಿದೆ.

ಎರಡನೇ ಮಗ್ಗದ ಕಾಯಿಲೆ

ಅಪ್ಪನನ್ನು ಕೂರಿಸಿ ಕೇಳಿಸುವುದು ಆಗದ ಮಾತು ಅಂತ ಖಾತ್ರಿಯಾದ ಮೇಲೆ, ಅವರು ಇರುವಲ್ಲಿಗೇ ಹಾಡು ಕಳಿಸೋಣ ಅನ್ನಿಸಿತು. ಒಂದು ಬೆಳಗ್ಗೆ ಅವರು ತಿಂಡಿಗೆ ಕೂತಾಗ ಬ್ಯಾಟರಿ ಸ್ಪೀಕರನ್ನು ಶೆಡ್ಡಿನ ಕಿಟಕಿಯಲ್ಲಿ, ಎರಡನೇ ಮಗ್ಗದ ಹಿಂದೆ, ನೂಲಿನ ಚೀಲದ ಮರೆಗೆ ಇಟ್ಟೆ. ಸೌಂಡ್ ಪೂರ್ತಿ ಏರಿಸಿದೆ. ಹನ್ನೆರಡು ಹಾಡು ಮುಗಿದರೆ ಮತ್ತೆ ಮೊದಲಿಂದ ಬರುವ ಹಾಗೆ ಮಾಡಿ, ಮುಂದಿನ ಕೋಣೆಗೆ ಬಂದು ಕಾಯುತ್ತಾ ಕೂತೆ.

ಅರ್ಧ ಗಂಟೆಗೆ ಅಪ್ಪ ಬಂದರು. ನಾನು ಕುರ್ಚಿಯಿಂದ ಎದ್ದೆ.

"ಲೋ, ಮೆಕ್ಯಾನಿಕ್‌ಗೆ ಫೋನ್ ಮಾಡೋ. ಎರಡನೇ ಮಗ್ಗ ಕುಂಟ್ತಾ ಐತೆ. ಲಾಳಿ ಸರಿಯಾಗಿ ಕೂರ್ತಿಲ್ಲ."

ಮೆಕ್ಯಾನಿಕ್ ಬಂದು ಕಿವಿಗೊಟ್ಟ. "ಸರಿಯಾಗೇ ಐತಲ್ಲ ಯಜಮಾನ್ರೇ?"

"ಈಗಿಲ್ಲ. ಆಗ ಇತ್ತು," ಅಂದರು ಅಪ್ಪ.

ಕಾದರು. ಟೀ ಬಂತು, ಮುಗಿಯಿತು. ಇದ್ದಕ್ಕಿದ್ದಂತೆ ಮೆಕ್ಯಾನಿಕ್ ಎದ್ದು ನಿಂತ. ಟಕಾ-ಟಕ್... ಟಕ್. ಟಕಾ-ಟಕ್... ಟಕ್. ಅವನು ಮಗ್ಗ ನಿಲ್ಲಿಸಿ ಕೈ ಹಾಕುವಷ್ಟರಲ್ಲಿ ಸದ್ದು ನಿಂತಿತು. "ಡಾಕ್ಟ್ರು ಬಂದ ತಕ್ಷಣ ಜ್ವರ ಬಿಡುತ್ತಲ್ಲ, ಹಂಗೆ ಆಡ್ತೈತೆ," ಅಂತ ಎರಡನೇ ಮಗ್ಗವನ್ನು ಬಿಚ್ಚಿದ. ಅದು ನೆಲದ ಮೇಲೆ ಬಿಡಿಬಿಡಿಯಾಗಿ ಬಿದ್ದಿರುವಾಗಲೇ ಮತ್ತೆ ಟಕಾ-ಟಕ್ ಶುರುವಾಯಿತು.

"ಹಂಗಾದ್ರೆ ಮೂರನೇದು," ಅಂದರು ಅಪ್ಪ. ಅದನ್ನೂ ಬಿಚ್ಚಿದರು.

ನಾನು ಆಗ ಶೆಡ್ಡಿಗೆ ಬಂದೆ. "ನಲವತ್ತೈದು ನಿಮಿಷಕ್ಕೆ ಒಂದ್ಸಲ ಬರೋ ಕಾಯಿಲೆ ಇದು, ಇಂಥದ್ದು ನಾನು ನೋಡೇ ಇಲ್ಲ," ಅಂತ ಮೆಕ್ಯಾನಿಕ್ ತಲೆ ಕೆರೆದುಕೊಳ್ಳುತ್ತಿದ್ದ. ನನ್ನ ಹನ್ನೆರಡು ಹಾಡು ಸೇರಿದರೆ ನಲವತ್ತೈದು ನಿಮಿಷ. ಏಳನೇ ಹಾಡಿನಲ್ಲಿ ಹಾಡುವ ಹುಡುಗಿ ಮರದ ಹಲಗೆಯೊಂದನ್ನು ಬಡಿದು ತಾಳ ಹಾಕಿದ್ದಾಳೆ. ಮಗ್ಗದ ಸದ್ದು ಅವಳ ದನಿಯನ್ನೂ ಗಿಟಾರನ್ನೂ ನುಂಗಿ ಆ ತಾಳ ಒಂದನ್ನು ಮಾತ್ರ ಹೊರಗೆ ಬಿಟ್ಟಿತ್ತು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಎರಡು ಮಗ್ಗ ನೆಲದ ಮೇಲಿದ್ದವು, ಮೊಣಕೈವರೆಗೂ ಗ್ರೀಸ್ ಬಳಿದುಕೊಂಡು ಅಪ್ಪ ನಿಂತಿದ್ದರು. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಅಪ್ಪ ಕಣ್ಣು ಮುಚ್ಚಿ, ಕಿವಿಗೆ ಕೈ ಅಡ್ಡ ಕೊಟ್ಟು, ಉಸಿರು ಬಿಗಿಹಿಡಿದು ಆ ತಾಳವನ್ನೇ ಕಾಯುತ್ತಿದ್ದರು. ನನ್ನ ಹಾಡನ್ನು ಇಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ. ನಾಚಿಕೆಯ ಮಾತು, ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಕೊನೆಗೆ ಅಪ್ಪ ತೀರ್ಮಾನ ಮಾಡಿದರು. "ಈ ಸಲ ಸದ್ದು ಬಂದ ತಕ್ಷಣ ಮೇನ್ ಆಫ್ ಮಾಡು. ಆಮೇಲೆ ಒಂದೊಂದೇ ಹಾಕಿ ನೋಡಾನ."

ಸದ್ದು ಬಂತು. ಮೇನ್ ಆಫ್ ಆಯಿತು. ಉಳಿದೆರಡು ಮಗ್ಗವೂ ನಿಂತವು. ಶೆಡ್ಡೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಟಕಾ-ಟಕ್... ಟಕ್.

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿಕೊಂಡ. "ಯಜಮಾನ್ರೇ, ಕರೆಂಟ್ ಇಲ್ದೆ ಓಡ್ತಾ ಐತೆ. ಇದು ನನ್ ಕೈಲಾಗೋ ಕೆಲಸ ಅಲ್ಲ. ಯಾರಾದ್ರೂ ಪೂಜಾರಪ್ಪನ್ನ ಕರ್ಸಿ."

ಅಷ್ಟರಲ್ಲಿ ನೂಲಿನ ಚೀಲದ ಹಿಂದಿನಿಂದ ಹುಡುಗಿಯ ದನಿ ಎದ್ದಿತು. ಇನ್ನು ಮುಚ್ಚಿಡುವುದಕ್ಕೇನೂ ಇರಲಿಲ್ಲ. ಚೀಲ ಸರಿಸಿ, ಸ್ಪೀಕರ್ ತೋರಿಸಿ, ಎಲ್ಲ ಒಪ್ಪಿಕೊಂಡೆ.

ಅಪ್ಪ ಬೈಯಲಿಲ್ಲ. ಸ್ಪೀಕರಿನ ಮುಂದೆ ಮಣೆ ಎಳೆದುಕೊಂಡು ಕೂತರು. ಆರಿಸಲು ಹೋದ ನನ್ನ ಕೈ ತಡೆದರು. ತಲೆ ತಗ್ಗಿಸಿಕೊಂಡು ಕೊನೆಯವರೆಗೂ ಕೇಳಿದರು, ನಾಲ್ಕು ನಿಮಿಷ ಪೂರ್ತಿ. ಹಾಡು ಮುಗಿಯಿತು. ಬಟ್ಟೆ ತೆಗೆದುಕೊಂಡು ಕೈಯ ಗ್ರೀಸ್ ಒರೆಸುತ್ತಾ ಎದ್ದರು.

"ಹುಡುಗಿ ತುಂಬಾ ಚೆನ್ನಾಗಿ ಹಾಡ್ತಾಳೆ ಕಣೋ," ಅಂದರು.

ಹತ್ತು ವರ್ಷ ಕಾದಿದ್ದೆ ಆ ಮಾತಿಗೆ. ಅವಳ ಬಗ್ಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಅಪ್ಪ ಮೆಕ್ಯಾನಿಕ್ ಕಡೆ ತಿರುಗಿದರು.

"ಅವ್ರ ಮನೆ ಮಗ್ಗ ಮಾತ್ರ ಪೂರ್ತಿ ಕೆಟ್ಟೋಗೈತೆ, ಪಾಪ. ನಿನ್ನ ನಂಬರ್ ಇವನ ಹತ್ರ ಐತಲ್ಲಪ್ಪಾ, ಆ ಮಗೂಗೆ ಕಳಿಸ್ಲಿ."